ಹಿತ್ತಿಲಿನ ಅಡುಗೆಮನೆಯ ಗೋಡೆ: ಚಾರ್ಲ್ಸ್‌ಟನ್ನಿನಲ್ಲಿ ಒಂದು ಸುಣ್ಣಗಾರೆ ದುರಸ್ತಿಯ ದಾಖಲೆ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ, ಅಂತರ್ಯುದ್ಧಕ್ಕೆ ಮೊದಲು ಕಟ್ಟಿದ ಒಂದು ದೊಡ್ಡ ಮನೆಯ ಹಿತ್ತಿಲಿನಲ್ಲಿ ಎರಡು ಅಂತಸ್ತಿನ ಇಟ್ಟಿಗೆಯ ಕಟ್ಟಡವೊಂದಿದೆ. ಅದರ ಕೆಳಗಿನ ಭಾಗದಲ್ಲಿ ಅಡುಗೆಮನೆಯೂ ಬಟ್ಟೆ ಒಗೆಯುವ ಕೋಣೆಯೂ ಇದ್ದವು. ಮೇಲಿನ ಸಣ್ಣ ಕೋಣೆಗಳಲ್ಲಿ, ಆ ಕೆಲಸಗಳನ್ನೆಲ್ಲ ಮಾಡುತ್ತಿದ್ದ, ಕಾನೂನಿನ ಪ್ರಕಾರ ಮನೆಯೊಡೆಯನ ಸ್ವತ್ತಾಗಿದ್ದ ಕಪ್ಪು ಜನರು ವಾಸಿಸುತ್ತಿದ್ದರು. ಈ ಬರಹ ಆ ಕಟ್ಟಡದ ಪೂರ್ವದ ಗೋಡೆಯ ದುರಸ್ತಿಯ ದಾಖಲೆ. ಮನೆ ಖಾಸಗಿಯವರದಾದ್ದರಿಂದ ಬೀದಿಯ ಹೆಸರನ್ನಾಗಲಿ ಮಾಲೀಕರ ಹೆಸರನ್ನಾಗಲಿ ಬರೆಯುತ್ತಿಲ್ಲ. ಸುಣ್ಣದ ಗಾರೆಯಲ್ಲೇ ಕೆಲಸ ಮಾಡುವ ಒಂದು ಸಣ್ಣ ತಂಡದಲ್ಲಿ ನಾನೂ ಒಬ್ಬ. ನಮ್ಮ ಮೇಸ್ತ್ರಿಯವರು ಇದೇ ಊರಿನವರು. ಅವರ ತಂದೆ, ತಾತ ಇಬ್ಬರೂ ಇಲ್ಲಿಯ ಗೋಡೆಗಳನ್ನು ಕಟ್ಟಿದವರೇ.

ಮಾಲೀಕರ ಮೊದಲ ಯೋಜನೆಯಲ್ಲಿ ಈ ಗೋಡೆ ಇರಲೇ ಇಲ್ಲ. ಮುಂಭಾಗದ ಜಗಲಿಯ ಕಂಬಗಳು, ದಿವಾನಖಾನೆಯ ಮಾಳಿಗೆಯ ಗಾರೆಯ ಹೂಬಳ್ಳಿ, ಮರದ ಮೆಟ್ಟಿಲು, ಇವು ಮೊದಲಾಗಲಿ, ಹಣ ಉಳಿದರೆ ಹಿತ್ತಿಲನ್ನು ನೋಡೋಣ ಎಂಬುದು ಅವರ ಎಣಿಕೆಯಾಗಿತ್ತು. ದಕ್ಷಿಣದ ಹಳೆಯ ಮನೆಗಳ ಜೀರ್ಣೋದ್ಧಾರ ಬಹುಕಾಲ ಹೀಗೆಯೇ ನಡೆದುಬಂದಿದೆ, ಮತ್ತು ಹಣ ಬಹುಪಾಲು ಉಳಿಯುವುದಿಲ್ಲ. ಮುಂಭಾಗ ಹೊಳೆಯುತ್ತದೆ, ಹಿಂಭಾಗ ಬಿದ್ದುಹೋಗುತ್ತದೆ, ಆಮೇಲೆ ಅಲ್ಲಿ ಕಾರು ನಿಲ್ಲಿಸುತ್ತಾರೆ. ಮನೆಯ ಇತಿಹಾಸದ ಅರ್ಧಕ್ಕಿಂತ ಹೆಚ್ಚು ಪಾಲು ಆ ಹಿಂಭಾಗದಲ್ಲಿದೆ ಎಂದು ನಾನು ನಂಬಿದ್ದೇನೆ. ಗೋಡೆ ಹೊರಕ್ಕೆ ಉಬ್ಬುತ್ತಿದೆ ಎಂದು ಎಂಜಿನಿಯರರು ವರದಿ ಕೊಟ್ಟ ಮೇಲೆ ಮಾಲೀಕರೂ ಒಪ್ಪಿ, ಹಿತ್ತಿಲಿನ ಕೆಲಸವನ್ನೇ ಮೊದಲಿಗೆ ತಂದರು.

ಹಂತ 1, ಫೆಬ್ರವರಿ: ನೋಡುವುದು, ಅಳೆಯುವುದು

ಗೋಡೆಯ ಉದ್ದ 31 ಅಡಿ, ಎತ್ತರ 19 ಅಡಿ, ದಪ್ಪ 13 ಅಂಗುಲ, ಅಂದರೆ ಒಂದೂವರೆ ಇಟ್ಟಿಗೆ. ತೂಗುಗುಂಡು ಬಿಟ್ಟು ನೋಡಿದಾಗ ನೆಲದಿಂದ 7 ಅಡಿ ಎತ್ತರದಲ್ಲಿ ಗೋಡೆ ಒಂದೂಕಾಲು ಅಂಗುಲ ಹೊರಕ್ಕೆ ಬಂದಿತ್ತು. ಬುಡದ 4 ಅಡಿಯಲ್ಲಿ ತೇವ, ಅದರ ಮೇಲಂಚಿನಲ್ಲಿ ಬಿಳಿ ಉಪ್ಪಿನ ಗೆರೆ. ಇಟ್ಟಿಗೆಗಳ ಮೈ ಹಲವೆಡೆ ಸಿಪ್ಪೆಯೆದ್ದು ಪುಡಿಯಾಗಿ ಉದುರುತ್ತಿತ್ತು. ಇಟ್ಟಿಗೆ ಒಳಕ್ಕೆ ಸವೆದು, ಸಂದಿನ ಗಾರೆ ಮಾತ್ರ ಹೊರಕ್ಕೆ ಚಾಚಿ ನಿಂತಿತ್ತು. ಹೀಗೆ ಕಂಡರೆ ಸಂದಿಗೆ ಸಿಮೆಂಟು ತುಂಬಿದ್ದಾರೆ ಎಂದೇ ಅರ್ಥ.

ಈ ಕರಾವಳಿಯ ಹಳೆಯ ಇಟ್ಟಿಗೆ ಮೆದು. ಕೂಪರ್ ಮತ್ತು ವಾಂಡೊ ನದಿಗಳ ದಡದ ಜೇಡಿಮಣ್ಣನ್ನು ತುಳಿದು ಹದ ಮಾಡಿ, ಮರದ ಅಚ್ಚಿಗೆ ಬಡಿದು, ಬಿಸಿಲಿಗೆ ಒಣಗಿಸಿ, ಸೌದೆಯ ಗೂಡಿನಲ್ಲಿ ಸುಟ್ಟ ಇಟ್ಟಿಗೆಗಳು ಇವು. ಆ ನದಿಗಳ ತೋಟಗಳಲ್ಲಿ ಇದು ದೊಡ್ಡ ಉದ್ದಿಮೆಯಾಗಿತ್ತು. ವಾಂಡೊ ಬದಿಯ ಬೂನ್ ಹಾಲ್ ತೋಟದ ಇಟ್ಟಿಗೆಗೂಡುಗಳು ಇಂದಿಗೂ ಹೆಸರುವಾಸಿ. ಮಣ್ಣು ತುಳಿದವರೂ, ಅಚ್ಚು ಹಾಕಿದವರೂ, ಗೂಡಿಗೆ ಬೆಂಕಿ ಕೊಟ್ಟವರೂ ಗುಲಾಮಗಿರಿಯಲ್ಲಿದ್ದವರು. ಗೋಡೆ ಕಟ್ಟಿದವರಲ್ಲೂ ಬಹಳಷ್ಟು ಜನ ಅವರೇ. ಒಡೆಯರು ತಮ್ಮ ಗುಲಾಮರನ್ನು ಊರಿನಲ್ಲಿ ಬೇರೆಯವರ ಕೆಲಸಕ್ಕೆ ಕೂಲಿಗೆ ಕಳಿಸಿ ಆ ಕೂಲಿಯನ್ನು ತಾವು ತೆಗೆದುಕೊಳ್ಳುತ್ತಿದ್ದರು. ಹಾಗೆ ಹೊರಗೆ ದುಡಿಯುವವರು ವರ್ಷ, ಸಂಖ್ಯೆ ಮತ್ತು ಕಸುಬನ್ನು ಮುದ್ರೆ ಒತ್ತಿದ ತಾಮ್ರದ ಬಿಲ್ಲೆಯನ್ನು ಧರಿಸಬೇಕೆಂದು ನಗರಾಡಳಿತ ಕಾನೂನು ಮಾಡಿತ್ತು. ಆ ಬಿಲ್ಲೆಗಳು ಈಗ ವಸ್ತುಸಂಗ್ರಹಾಲಯಗಳಲ್ಲಿವೆ. ಅವುಗಳ ಮೇಲೆ ಕಸುಬು ಇದೆ, ಮನುಷ್ಯನ ಹೆಸರಿಲ್ಲ.

ಕೆಲಸಕ್ಕೆ ಮೊದಲು ತಂಡದವರೆಲ್ಲ ಎಲಿಜಬೆತ್ ಬೀದಿಯ ಏಕನ್-ರೆಟ್ ಮನೆಗೆ ಹೋಗಿಬಂದೆವು. ಜಾನ್ ರಾಬಿನ್‌ಸನ್ ಎಂಬ ವ್ಯಾಪಾರಿ 1820ರ ಸುಮಾರಿಗೆ ಕಟ್ಟಿಸಿದ ಆ ಮನೆ, ಆತ ನಷ್ಟಕ್ಕೆ ಸಿಕ್ಕ ಮೇಲೆ ಏಕನ್ ಕುಟುಂಬದ ಕೈಸೇರಿತು. ಮಗ ವಿಲಿಯಂ ಏಕನ್ 1830ರ ದಶಕದಲ್ಲಿ ಅದನ್ನು ಹಿಗ್ಗಿಸಿ, 1844ರಿಂದ 1846ರವರೆಗೆ ರಾಜ್ಯದ ಗವರ್ನರನೂ ಆಗಿ, 1858ರಲ್ಲಿ ಚಿತ್ರಶಾಲೆಯೊಂದನ್ನು ಸೇರಿಸಿದ. ಆತನ ಸಂಪತ್ತು ಜೆಹೋಸಿ ದ್ವೀಪದ ಭತ್ತದ ಗದ್ದೆಗಳಿಂದ, ಅಲ್ಲಿ ದುಡಿಯುತ್ತಿದ್ದ ನೂರಾರು ಗುಲಾಮರಿಂದ ಬಂದದ್ದು. ಮನೆ 1975ರವರೆಗೂ ಅದೇ ಕುಟುಂಬದಲ್ಲಿ ಉಳಿದು, ಆಮೇಲೆ ಚಾರ್ಲ್ಸ್‌ಟನ್ ವಸ್ತುಸಂಗ್ರಹಾಲಯಕ್ಕೆ, 1995ರಲ್ಲಿ ಹಿಸ್ಟಾರಿಕ್ ಚಾರ್ಲ್ಸ್‌ಟನ್ ಫೌಂಡೇಶನ್‌ಗೆ ಸೇರಿತು. ಸಂಸ್ಥೆ ಅದನ್ನು ಹೊಸದಾಗಿ ಕಾಣುವಂತೆ ಮಾಡದೆ, ಸಿಕ್ಕ ಸ್ಥಿತಿಯಲ್ಲೇ ನಿಲ್ಲಿಸಿ ಕಾಪಾಡುವ ಹಾದಿ ಹಿಡಿಯಿತು. ಕಿತ್ತುಹೋದ ಗೋಡೆಕಾಗದ, ಬಣ್ಣ ಉದುರಿದ ಬಾಗಿಲುಗಳು ಹಾಗೆಯೇ ಇವೆ. ಹಿತ್ತಿಲಿನ ಅಡುಗೆಮನೆ, ಅದರ ಮೇಲಿನ ಗುಲಾಮರ ಕೋಣೆಗಳು, ಕುದುರೆಲಾಯ ಎಲ್ಲವೂ ನಿಂತಿವೆ. ನಮ್ಮ ಗೋಡೆಯಲ್ಲಿ ಯಾವುದನ್ನು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆ ಅಲ್ಲಿಯ ಅಂಗಳದಲ್ಲೇ ಶುರುವಾಯಿತು.

ಹಂತ 2, ಮಾರ್ಚ್: ಹಳೆಯ ಗಾರೆಯ ಪರೀಕ್ಷೆ

ಸಿಮೆಂಟು ತಲುಪದ ಎತ್ತರದಲ್ಲಿ, ಸೂರಿನ ಕೆಳಗೆ, ಮೂಲ ಗಾರೆ ಸಿಕ್ಕಿತು. ಹಳದಿಗೂಡಿದ ಬಿಳುಪು, ಉಗುರಿನಿಂದ ಗೀರಬಹುದಾದಷ್ಟು ಮೆದು, ನಡುನಡುವೆ ಅಕ್ಕಿಕಾಳಿನಷ್ಟು ಸುಣ್ಣದ ಗಂಟುಗಳು, ಬೂದುಬಣ್ಣದ ಆಯ್ಸ್ಟರ್ ಚಿಪ್ಪಿನ ಚೂರುಗಳು. ಸುಣ್ಣದಕಲ್ಲು ಹತ್ತಿರದಲ್ಲಿ ಇಲ್ಲದ ಈ ಕರಾವಳಿಯಲ್ಲಿ ಚಿಪ್ಪು ಸುಟ್ಟೇ ಸುಣ್ಣ ಮಾಡುತ್ತಿದ್ದರು. ನಮ್ಮ ಕರಾವಳಿಯ ಕಪ್ಪೆಚಿಪ್ಪಿನ ಸುಣ್ಣವನ್ನು ಕಂಡವರಿಗೆ ಆ ಚೂರುಗಳ ಗುರುತು ಹತ್ತುವುದು ಕಷ್ಟವಲ್ಲ.

100 ಗ್ರಾಂ ಗಾರೆಯನ್ನು ಪುಡಿಮಾಡಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹಾಕಿ, ನೊರೆ ನಿಂತ ಮೇಲೆ ತೊಳೆದು ಒಣಗಿಸಿದಾಗ 64 ಗ್ರಾಂ ಮರಳು ಉಳಿಯಿತು. ಇಲ್ಲೊಂದು ಎಚ್ಚರಿಕೆಯನ್ನು ಹೇಳಲೇಬೇಕು: ಆಮ್ಲದಲ್ಲಿ ಸುಣ್ಣದ ಜೊತೆ ಚಿಪ್ಪೂ ಕರಗಿಹೋಗುವುದರಿಂದ, ಚಿಪ್ಪಿನ ಚೂರುಗಳನ್ನು ಮೊದಲೇ ಭೂತಗನ್ನಡಿಯಲ್ಲಿ ನೋಡಿ ಆರಿಸಿ ತೂಗಿಡದಿದ್ದರೆ, ಮೂಲ ಗಾರೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಸುಣ್ಣವಿತ್ತೆಂದು ಲೆಕ್ಕ ತಪ್ಪುತ್ತದೆ. ಖಚಿತಪಡಿಸಿಕೊಳ್ಳಲು ಇನ್ನೊಂದು ತುಣುಕನ್ನು ಪ್ರಯೋಗಾಲಯಕ್ಕೂ ಕಳಿಸಿದೆವು. ಅದರ ಖರ್ಚು ಸುಮಾರು 550 ಡಾಲರ್. ಉಳಿದ ಮರಳನ್ನು ಜರಡಿಗಳಲ್ಲಿ ಹಿಡಿದು ಕಾಳಿನ ಗಾತ್ರ ನೋಡಿದೆವು. ನುಣ್ಣಗಿನದೂ ದಪ್ಪದ್ದೂ ಬೆರೆತ ನದಿಯ ಮರಳು ಅದು. ಅದೇ ಬಣ್ಣದ, ತೊಳೆದ ಮರಳನ್ನು ಹುಡುಕುವುದಕ್ಕೆ ಸುಣ್ಣ ತರಿಸುವುದಕ್ಕಿಂತ ಹೆಚ್ಚು ಸಮಯ ಹಿಡಿಯಿತು.

ಹಂತ 3, ಏಪ್ರಿಲ್: ಮೊದಲು ನೀರು

ತೇವದ ಮೂಲ ನಿಲ್ಲಿಸದೆ ಗೋಡೆಗೆ ಕೈಹಾಕಿದರೆ ಹಾಕಿದ ಗಾರೆಯೆಲ್ಲ ವ್ಯರ್ಥ. ಹಿತ್ತಿಲಿನ ನೆಲ ಕಾಲಾಂತರದಲ್ಲಿ ಏರಿ, ಮೂಲ ಇಟ್ಟಿಗೆ ಹಾಸಿನ ಮೇಲೆ 9 ಅಂಗುಲ ಮಣ್ಣು ಕೂತಿತ್ತು. ಚಾವಣಿಯ ನೀರು ಇಳಿಯುವ ಕೊಳವೆ ಗೋಡೆಯ ಬುಡಕ್ಕೇ ಸುರಿಯುತ್ತಿತ್ತು. ಚಾರ್ಲ್ಸ್‌ಟನ್ನಿನ ನೆಲ ಸಮುದ್ರಮಟ್ಟಕ್ಕಿಂತ ಹೆಚ್ಚು ಎತ್ತರದಲ್ಲಿಲ್ಲ. ದೊಡ್ಡ ಉಬ್ಬರ ಬಂದಾಗ ಕೆಲವು ಬೀದಿಗಳಲ್ಲಿ ಮಳೆಯಿಲ್ಲದೆಯೂ ನೀರು ನಿಲ್ಲುತ್ತದೆ. ಆದ್ದರಿಂದ ಬುಡದ ತೇವವನ್ನು ಪೂರ್ತಿ ತಡೆಯಲಾಗದು, ಕಡಿಮೆ ಮಾಡಬಹುದು ಅಷ್ಟೇ.

ಗುಲಾಮರ ವಾಸದ ಪಕ್ಕದ ಮಣ್ಣನ್ನು ಸನಿಕೆ ಹಾಕಿ ಎತ್ತಿ ಎಸೆಯುವಂತಿಲ್ಲ. ಪುರಾತತ್ವ ಬಲ್ಲವರೊಬ್ಬರು ಜೊತೆಗೆ ನಿಂತು, ಮಣ್ಣನ್ನು ಕಾಲಂಗುಲದ ಜರಡಿಯಲ್ಲಿ ಹಿಡಿಸಿದರು. ಮೂಳೆಯ ಗುಂಡಿಗಳು, ನೀಲಿ ಅಂಚಿನ ತಟ್ಟೆಯ ಚೂರುಗಳು, ಮೀನಿನ ಮುಳ್ಳು, ರಾಶಿ ಚಿಪ್ಪು ಸಿಕ್ಕವು. ಒಂದು ಗುಂಡಿಯ ನಾಲ್ಕು ತೂತುಗಳಲ್ಲಿ ಎರಡು ದಾರ ಉಜ್ಜಿ ಉಜ್ಜಿ ಒಂದಾಗಿದ್ದವು. ಹರಿದ ಮೇಲೂ ಅದನ್ನು ಮತ್ತೆ ಹೊಲಿದು ಹಾಕಿಕೊಂಡಿದ್ದಾರೆ. ಪ್ರತಿಯೊಂದನ್ನೂ ಸಿಕ್ಕ ಜಾಗ, ಆಳ ಬರೆದ ಚೀಲದಲ್ಲಿ ಹಾಕಿ ಇಟ್ಟೆವು. ಕೆಲಸ ನಿಧಾನವಾಯಿತು ಎಂದು ಯಾರೂ ಗೊಣಗಲಿಲ್ಲ. ಮಣ್ಣು ಹಳೆಯ ಹಾಸಿನ ಮಟ್ಟಕ್ಕೆ ಇಳಿದ ಮೇಲೆ, ಗೋಡೆಯಿಂದ 4 ಅಡಿ ದೂರದಲ್ಲಿ ಜಲ್ಲಿ ತುಂಬಿದ ಚರಂಡಿ ತೆಗೆದು, ಚಾವಣಿಯ ಕೊಳವೆಯನ್ನು ಅದಕ್ಕೆ ತಿರುಗಿಸಿದೆವು. ನಂತರ ಗೋಡೆಯ ಕೆಳಭಾಗಕ್ಕೆ ಕಾಗದದ ತಿರುಳು ಮತ್ತು ಜೇಡಿಯನ್ನು ಶುದ್ಧನೀರಿನಲ್ಲಿ ಕಲಸಿ ಅರ್ಧ ಅಂಗುಲ ದಪ್ಪ ಮೆತ್ತಿ, ಒಣಗಿದ ಮೇಲೆ ಕಿತ್ತು, ಮತ್ತೆ ಮೆತ್ತಿ, ಹೊರಬಂದ ಉಪ್ಪನ್ನು ತೆಗೆದೆವು.

ಹಂತ 4, ಮೇ: ಸಿಮೆಂಟು ಬಿಡಿಸುವುದು

ಇಡೀ ಕೆಲಸದಲ್ಲಿ ಅತ್ಯಂತ ಕಷ್ಟದ ಹಂತ ಇದು. ಇಪ್ಪತ್ತನೆಯ ಶತಮಾನದಲ್ಲಿ ಯಾರೋ ಒಳ್ಳೆಯ ಉದ್ದೇಶದಿಂದಲೇ ತುಂಬಿದ ಸಿಮೆಂಟು ಇಟ್ಟಿಗೆಗಿಂತ ಗಟ್ಟಿ. ತೇವ ಸಂದಿಯಿಂದ ಹೊರಬರಲಾಗದೆ ಇಟ್ಟಿಗೆಯ ಮೂಲಕ ಬರುತ್ತದೆ, ಬರುವಾಗ ಉಪ್ಪನ್ನೂ ತರುತ್ತದೆ, ಉಪ್ಪು ಹರಳುಗಟ್ಟಿ ಇಟ್ಟಿಗೆಯ ಮೈಯನ್ನು ಒಳಗಿನಿಂದ ಒಡೆಯುತ್ತದೆ.

ತಿರುಗುವ ವಜ್ರದ ಗರಗಸ ಹಾಕಿದರೆ ಕೆಲಸ ಬೇಗ ಮುಗಿಯುತ್ತದೆ, ಇಟ್ಟಿಗೆಯ ಅಂಚೂ ಅಷ್ಟೇ ಬೇಗ ಹೋಗುತ್ತದೆ. ಕೈಯಿಂದ ಮಾಡಿದ ಇಟ್ಟಿಗೆಗಳ ವರಸೆ ದಾರ ಹಿಡಿದಷ್ಟು ನೇರವಿರುವುದಿಲ್ಲವಾದ್ದರಿಂದ ಗರಗಸ ಎಲ್ಲೋ ಒಂದು ಕಡೆ ಇಟ್ಟಿಗೆಯನ್ನು ಕಚ್ಚಿಯೇ ಕಚ್ಚುತ್ತದೆ. ಅಗಲ ಸಂದಿಗಳ ನಡುವೆ ಮಾತ್ರ ಸಣ್ಣ ತೂತುಗಳನ್ನು ಸಾಲಾಗಿ ಕೊರೆದು ಸಿಮೆಂಟನ್ನು ಸಡಿಲಗೊಳಿಸಿ, ಉಳಿದದ್ದನ್ನೆಲ್ಲ ಸಂದಿಗಿಂತ ಕಿರಿದಾದ ಉಳಿ ಮತ್ತು ಅರ್ಧ ಕಿಲೋ ಸುತ್ತಿಗೆಯಲ್ಲಿ ತೆಗೆದೆವು. ಸಂದಿ ಸರಾಸರಿ ಅರ್ಧ ಅಂಗುಲ ಅಗಲ. ಅದರ ಎರಡರಷ್ಟು, ಅಂದರೆ ಒಂದು ಅಂಗುಲ ಆಳದವರೆಗೆ ಖಾಲಿ ಮಾಡುವುದು ಕನಿಷ್ಠ ಲೆಕ್ಕ. ಲಂಬ ಸಂದಿಗಳಲ್ಲಿ ಇಟ್ಟಿಗೆ ಒಡೆಯುವ ಭಯ ಹೆಚ್ಚು. ಎಲ್ಲಿ ಸಿಮೆಂಟು ಇಟ್ಟಿಗೆಗೆ ಬಿಗಿಯಾಗಿ ಅಂಟಿ, ಬಿಡಿಸಿದರೆ ಇಟ್ಟಿಗೆಯ ಮೈಯೇ ಬರುವಂತಿತ್ತೋ ಅಲ್ಲಿ ಅದನ್ನು ಹಾಗೆಯೇ ಬಿಟ್ಟು, ನಕ್ಷೆಯಲ್ಲಿ ಗುರುತು ಹಾಕಿದೆವು. ದೂಳಿನಲ್ಲಿ ಸಿಲಿಕಾ ಇರುವುದರಿಂದ ಮುಖಕ್ಕೆ ಸರಿಯಾದ ಮಾಸ್ಕ್ ಕಡ್ಡಾಯವಾಗಿತ್ತು.

ಹಂತ 5, ಜೂನ್: ಮಾದರಿ ಪಟ್ಟಿಗಳು

ಹಳೆಯ ನಗರಭಾಗದಲ್ಲಿ ಹೊರಗೋಡೆ ಮುಟ್ಟಲು ನಗರದ ವಾಸ್ತುಶಿಲ್ಪ ಪರಿಶೀಲನಾ ಮಂಡಳಿಯ ಒಪ್ಪಿಗೆ ಬೇಕು. ಚಾರ್ಲ್ಸ್‌ಟನ್ ಈ ವ್ಯವಸ್ಥೆಯನ್ನು 1931ರಲ್ಲೇ ತಂದಿತು. ಅಮೆರಿಕದಲ್ಲಿ ಇಂಥ ಸಂರಕ್ಷಿತ ಪ್ರದೇಶವನ್ನು ಕಾನೂನಿನ ಮೂಲಕ ಗುರುತಿಸಿದ ಮೊದಲ ನಗರ ಇದು. ಮಾದರಿ ಪಟ್ಟಿ ಹಾಕಿ ತೋರಿಸಿದರೆ ಕಾಗದದ ಮೇಲೆ ವಾದಿಸುವ ಅಗತ್ಯ ಕಡಿಮೆಯಾಗುತ್ತದೆ.

ಮೊದಲ ಪಟ್ಟಿ: ಎನ್‌ಎಚ್‌ಎಲ್ 3.5 ಹೈಡ್ರಾಲಿಕ್ ಸುಣ್ಣ (ತೇವದಲ್ಲೂ ಗಟ್ಟಿಯಾಗುವ ಸುಣ್ಣ; ಅಂಕಿ ಹೆಚ್ಚಿದಷ್ಟೂ ಗಟ್ಟಿ) ಒಂದು ಪಾಲು, ಮರಳು ಎರಡೂವರೆ ಪಾಲು. ಬಣ್ಣ ಬೂದಿಗೆ ತಿರುಗಿತು. ಗಟ್ಟಿಯಾದ ಮೇಲೆ ಮೊಳೆಯಲ್ಲಿ ಗೀರಿದಾಗ ಗಾರೆಗಿಂತ ಮೊದಲು ಇಟ್ಟಿಗೆಯೇ ಗೀರಿತು. ಬೇಡವೆಂದು ತೆಗೆದೆವು.

ಎರಡನೆಯ ಪಟ್ಟಿ: ಅರಳಿಸಿ ಹಲವು ತಿಂಗಳು ನೀರಿನಡಿ ಇಟ್ಟ ಸುಣ್ಣದ ಮುದ್ದೆ ಒಂದು ಪಾಲು, ಮರಳು ಮೂರು ಪಾಲು. ಬಣ್ಣ ಸರಿಯಾಗಿ ಕೂತಿತು, ಆದರೆ ಮರುದಿನವೇ ಗಾರೆ ಎರಡೂ ಅಂಚುಗಳಲ್ಲಿ ಇಟ್ಟಿಗೆಯಿಂದ ಬಿಟ್ಟುಕೊಂಡು, ಕೂದಲೆಳೆಯಷ್ಟು ಬಿರುಕು ಉದ್ದಕ್ಕೂ ಓಡಿತ್ತು. ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ನಡುಹಗಲಿನಲ್ಲಿ ಹಾಕಿದ್ದೆವು, ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿತ್ತು, ಒಂದು ಅಂಗುಲವನ್ನು ಒಂದೇ ಸಲಕ್ಕೆ ತುಂಬಿದ್ದೆವು, ಕಲಸುವಾಗ ಸುಲಭವಾಗಲೆಂದು ನೀರನ್ನೂ ಸೇರಿಸಿದ್ದೆವು. ಸುಣ್ಣದ ಮುದ್ದೆಯಲ್ಲಿ ಇರುವ ನೀರೇ ಸಾಕು. ಗಾರೆ ಗಟ್ಟಿಯೆನಿಸಿದರೆ ಇನ್ನೂ ಬಡಿಯಬೇಕು, ಬಡಿದಷ್ಟೂ ಅದು ಸಡಿಲವಾಗುತ್ತದೆ. ಈ ಮಾತನ್ನು ಮೇಸ್ತ್ರಿಯವರು ಮೊದಲೇ ಹೇಳಿದ್ದರು.

ಮೂರನೆಯ ಪಟ್ಟಿ: ಅದೇ ಪಾಕ, ದಪ್ಪ ಕಾಳಿನ ಮರಳು ಸ್ವಲ್ಪ ಹೆಚ್ಚು, ಕುಟ್ಟಿದ ಆಯ್ಸ್ಟರ್ ಚಿಪ್ಪು ಒಂದು ಹಿಡಿ, ನೀರು ಇಲ್ಲ. ಹಿಂದಿನ ಸಂಜೆಯೇ ಗೋಡೆಯನ್ನು ನೆನೆಸಿ, ಬೆಳಿಗ್ಗೆ ನೆರಳಿರುವಾಗ, ಕಾಲಂಗುಲದಂತೆ ಪದರಪದರವಾಗಿ ಒತ್ತಿದೆವು. ಇದು ನಿಂತಿತು. ತೇವ ಪೂರ್ತಿ ಆರದ ಬುಡದ 4 ಅಡಿಗೆ ಬರಿಯ ಮುದ್ದೆ ಸುಣ್ಣ ಬಲಿಯುವುದು ಕಷ್ಟವಾದ್ದರಿಂದ, ಅಲ್ಲಿಗೆ ಮಾತ್ರ ಹೈಡ್ರಾಲಿಕ್ ಸುಣ್ಣಗಳಲ್ಲಿ ಅತಿ ಮೆದುವಾದ ಎನ್‌ಎಚ್‌ಎಲ್ 2 ಬಳಸಲು ನಿರ್ಧರಿಸಿದೆವು.

ಹಂತ 6, ಸೆಪ್ಟೆಂಬರ್ ಕೊನೆಯಿಂದ ನವೆಂಬರ್: ಪಾಯಿಂಟಿಂಗ್, ಅಂದರೆ ಸಂದಿಗೆ ಗಾರೆ ತುಂಬುವುದು

ಜುಲೈ, ಆಗಸ್ಟ್‌ಗಳಲ್ಲಿ ತಾಪಮಾನ 90 ಡಿಗ್ರಿ ಫ್ಯಾರನ್‌ಹೀಟ್ ದಾಟುವುದರಿಂದ ಕೆಲಸ ನಿಲ್ಲಿಸಿ, ಖಾಲಿ ಸಂದಿಗಳಿಗೆ ಮಳೆ ನುಗ್ಗದಂತೆ ತಾಟು ಕಟ್ಟಿದ್ದೆವು. ಮತ್ತೆ ಶುರುಮಾಡಿದಾಗ ಬುಡದಿಂದ ಮೇಲಕ್ಕಲ್ಲ, ಮೇಲಿನಿಂದ ಕೆಳಕ್ಕೆ ಬಂದೆವು. ನೆನೆಸಿದ ನೀರು ಮುಗಿದ ಕೆಲಸದ ಮೇಲೆ ಸುರಿದು ಕಲೆ ಮಾಡಬಾರದೆಂಬುದೇ ಅದಕ್ಕೆ ಕಾರಣ. ಕಿರಿದಾದ ಪಾಯಿಂಟಿಂಗ್ ಕರಣೆಯಿಂದ ಗಾರೆಯನ್ನು ಹಿಂದಕ್ಕೆ ಒತ್ತಿ, ಪದರ ಹೆಬ್ಬೆರಳಿನ ಗುರುತು ಮೂಡುವಷ್ಟು ಬಿಗಿಯಾದ ಮೇಲೆ ಮುಂದಿನ ಪದರ. ಕೊನೆಯ ಪದರ ಅರೆಗಟ್ಟಿಯಾದಾಗ ಗಟ್ಟಿ ಕೂದಲಿನ ಕುಂಚದಿಂದ ತಟ್ಟಿ, ಮೇಲಿನ ಸುಣ್ಣದ ಕೆನೆಯನ್ನು ತೆಗೆದು ಮರಳಿನ ಕಾಳು ಕಾಣುವಂತೆ ಮಾಡಿದೆವು. ಗಾರೆಯ ಮುಖವನ್ನು ಇಟ್ಟಿಗೆಯ ಸವೆದ ಅಂಚಿಗಿಂತ ತುಸು ಒಳಕ್ಕೆ ನಿಲ್ಲಿಸಿದೆವು; ಅಂಚಿನ ಮಟ್ಟಕ್ಕೆ ತುಂಬಿದರೆ ಸಂದಿ ದಪ್ಪವಾಗಿ ಕಂಡು ಗೋಡೆಯ ಮುಖವೇ ಬೇರೆಯಾಗುತ್ತದೆ. ಒಂದು ವಾರ ನೆನೆಗೋಣಿ, ದಿನಕ್ಕೆ ಮೂರು ನಾಲ್ಕು ಬಾರಿ ಸಣ್ಣ ಹನಿಯ ನೀರು.

ಸುಮಾರು 400 ಚದರ ಅಡಿಗೆ 5 ಗ್ಯಾಲನ್‌ನ ಆರು ಬಕೆಟ್ ಸುಣ್ಣದ ಮುದ್ದೆ ಹಿಡಿಯಿತು, ಬಕೆಟ್ಟಿಗೆ ಸುಮಾರು 70 ಡಾಲರ್. ಎನ್‌ಎಚ್‌ಎಲ್ ಎರಡು ಚೀಲ, ಚೀಲಕ್ಕೆ ಸುಮಾರು 50 ಡಾಲರ್. ಮರಳಿಗೆ 60 ಡಾಲರ್. ಸಾಮಗ್ರಿ ಇಷ್ಟು ಅಗ್ಗವಾದರೂ ಕೈಕೆಲಸದ ಕೂಲಿ ಅದರ ಹಲವು ಪಟ್ಟು. ಹಿಂದಿನವರು ಸಿಮೆಂಟು ತುಂಬದಿದ್ದರೆ ಆ ಕೂಲಿಯ ಅರ್ಧ ಉಳಿಯುತ್ತಿತ್ತು.

ಹಂತ 7: ಬದಲಿಸಿದ ಇಟ್ಟಿಗೆ, ಬದಲಿಸದ ಇಟ್ಟಿಗೆ

ಪೂರ್ತಿ ಪುಡಿಯಾದ ಇಟ್ಟಿಗೆಗಳನ್ನು ಮಾತ್ರ ಬಿಡಿಸಿ, ಬಿದ್ದುಹೋದ ಕೊಟ್ಟಿಗೆಯ ಇಟ್ಟಿಗೆಗಳನ್ನು ಅದೇ ಹಿತ್ತಿಲಿನಿಂದ ಆರಿಸಿ ಕೂರಿಸಿದೆವು. ಮೈ ಸವೆದು ಒಳಗಟ್ಟಿಯಿದ್ದವನ್ನು ಬಿಟ್ಟೆವು.

ಅಡುಗೆಮನೆಯ ಕಿಟಕಿಯ ಬಲಕ್ಕೆ, ನನ್ನ ಎದೆಯ ಎತ್ತರದಲ್ಲಿ ಒಂದು ಇಟ್ಟಿಗೆಯಿದೆ. ಅದರ ಉದ್ದಮೈಯಲ್ಲಿ ಮೂರು ಬೆರಳುಗಳ ಗುರುತು ಇದೆ. ಹಸಿ ಇಟ್ಟಿಗೆಯನ್ನು ಬಿಸಿಲಿನಲ್ಲಿ ಮಗುಚಿ ಹಾಕುವಾಗ ಒತ್ತಿದ್ದು. ನಡುಬೆರಳಿನ ಗುಳಿಯಲ್ಲಿ ಚರ್ಮದ ಗೆರೆಗಳು ಓರೆಬೆಳಕಿನಲ್ಲಿ ಕಾಣುತ್ತವೆ. ನನ್ನ ಕಿರುಬೆರಳು ಮಾತ್ರ ಆ ಗುಳಿಯಲ್ಲಿ ಹಿಡಿಸುತ್ತದೆ. ಇಟ್ಟಿಗೆ ಮಗುಚುವ ಕೆಲಸವನ್ನು ಮಕ್ಕಳಿಂದ ಮಾಡಿಸುತ್ತಿದ್ದರು. ಆ ಇಟ್ಟಿಗೆಯ ಕೆಳಮೂಲೆ ಉದುರಲು ಶುರುವಾಗಿತ್ತು. ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿಡೋಣ ಎಂಬ ಸಲಹೆ ಬಂತು. ಮೈಗೆ ಗಟ್ಟಿಮಾಡುವ ರಾಸಾಯನಿಕ ಬಳಿಯೋಣ ಎಂಬ ಸಲಹೆಯೂ ಬಂತು. ಮೇಸ್ತ್ರಿಯವರು ಎರಡನ್ನೂ ಒಪ್ಪಲಿಲ್ಲ, ನಾನೂ ಅವರ ಪಕ್ಷವೇ. ಆ ಮಗುವಿನ ಹೆಸರು ಯಾವ ಕಡತದಲ್ಲೂ ನಮಗೆ ಸಿಕ್ಕಿಲ್ಲ. ಆ ಕೈ ಮಾಡಿದ ಕೆಲಸ ಗೋಡೆಯಾಗಿ ನಿಂತಿದೆ, ಗೋಡೆಯಲ್ಲೇ ಇರಬೇಕು. ಸುತ್ತಲಿನ ಸಂದಿಗಳಿಗೆ ಎಲ್ಲಕ್ಕಿಂತ ಮೆದುವಾದ, ಒಂದಕ್ಕೆ ಮೂರೂವರೆ ಪಾಲಿನ ಗಾರೆ ತುಂಬಿದೆವು. ತೇವ ಬಂದರೆ ಇಟ್ಟಿಗೆಯನ್ನು ಬಿಟ್ಟು ಆ ಸಂದಿಯ ಮೂಲಕ ಹೋಗಲಿ, ಹಾಳಾದರೆ ಗಾರೆಯೇ ಹಾಳಾಗಲಿ ಎಂದು. ಬಕೆಟ್ಟು, ಏಣಿ ತಾಗದಂತೆ ಕೆಲಸ ಮುಗಿಯುವವರೆಗೆ ಅದರ ಮುಂದೆ ಹಲಗೆ ಕಟ್ಟಿದ್ದೆವು.

ಹಂತ 8: ಕಬ್ಬಿಣದ ಸರಳು

1886ರ ಆಗಸ್ಟ್ 31ರ ರಾತ್ರಿಯ ಭೂಕಂಪದಲ್ಲಿ ಚಾರ್ಲ್ಸ್‌ಟನ್ನಿನ ಬಹುಪಾಲು ಇಟ್ಟಿಗೆ ಕಟ್ಟಡಗಳು ಬಿರುಕುಬಿಟ್ಟವು. ಆಮೇಲೆ ಎದುರುಬದುರಿನ ಗೋಡೆಗಳನ್ನು ಮಹಡಿಯ ತೊಲೆಗಳ ಮಟ್ಟದಲ್ಲಿ ಕಬ್ಬಿಣದ ಸರಳಿನಿಂದ ಬಿಗಿದು, ಹೊರಗೆ ದುಂಡು ಬಿಲ್ಲೆ ಕೂರಿಸಿದರು. ನಮ್ಮ ಗೋಡೆಯಲ್ಲೂ ಅಂಥ ಎರಡು ಬಿಲ್ಲೆಗಳಿವೆ. ಉಬ್ಬಿದ ಗೋಡೆಯನ್ನು ಸರಳು ತಿರುಗಿಸಿ ಒಳಕ್ಕೆ ಎಳೆಯಬಹುದೇ ಎಂದು ಮಾಲೀಕರು ಕೇಳಿದರು. ಎಂಜಿನಿಯರರು ಬೇಡವೆಂದರು: ಗೋಡೆ ಆ ಆಕಾರದಲ್ಲೇ ನೆಲೆನಿಂತಿದೆ, ಎಳೆದರೆ ಬಿಲ್ಲೆಯ ಸುತ್ತ ಇಟ್ಟಿಗೆ ಒಡೆಯುತ್ತದೆ. ತುಕ್ಕನ್ನು ತಂತಿಕುಂಚದಿಂದ ತೆಗೆದು, ತುಕ್ಕುನಿರೋಧಕ ಬಳಿದು, ಉಬ್ಬಿನ ಜಾಗದಲ್ಲಿ ಒಳಗಿನಿಂದ ಎರಡು ಹೊಸ ಸ್ಟೇನ್‌ಲೆಸ್ ಸರಳುಗಳನ್ನು ಮಹಡಿಯ ತೊಲೆಗಳಿಗೆ ಕಟ್ಟಿದೆವು. ಹೊರಗಿನಿಂದ ಅವು ಕಾಣುವುದಿಲ್ಲ.

ಹಂತ 9, ಡಿಸೆಂಬರ್: ಒಳಮೈ

ಮೇಲಿನ ಕೋಣೆಯ ಒಳಗೋಡೆಯಲ್ಲಿ ಶಸ್ತ್ರಚಿಕಿತ್ಸೆಯ ಅಲಗಿನಿಂದ ಒಂದು ಸಣ್ಣ ಚೌಕದಲ್ಲಿ ಪದರಗಳನ್ನು ಬಿಡಿಸಿದಾಗ, ಬಿಳಿ ಸುಣ್ಣದ ಪದರಗಳ ನಡುವೆ ಕಾವಿ ಕಲಸಿದ ಹಳದಿಯೂ ಮಾಸಿದ ನೀಲಿಯೂ ಸಿಕ್ಕವು. ಕೋಣೆಯನ್ನು ಚೆಂದ ಕಾಣುವಂತೆ ಇಟ್ಟುಕೊಳ್ಳಲು ಯಾರೋ ಬಣ್ಣ ಹುಡುಕಿ ತಂದಿದ್ದಾರೆ. ಆ ಚೌಕವನ್ನು ಮುಚ್ಚಲಿಲ್ಲ. ಉದುರುತ್ತಿದ್ದ ಅಂಚುಗಳನ್ನು ಸುಣ್ಣದ ನೀರಿನಿಂದ ಹಿಡಿಸಿ, ಕೆಳಗಿನ ಒಲೆಯ ಮೇಲಿನ ಮಸಿಯನ್ನು ಹಾಗೆಯೇ ಬಿಟ್ಟೆವು. ಇಡೀ ಒಳಮೈಗೆ ಹೊಸ ಬಿಳಿ ಸುಣ್ಣ ಬಳಿಯಬೇಕೆಂಬ ಮಾಲೀಕರ ಆಸೆಯನ್ನು ಈಗ ಮುಂದಕ್ಕೆ ಹಾಕಲಾಗಿದೆ. ನನ್ನ ಅಭಿಪ್ರಾಯದಲ್ಲಿ ಬಳಿಯಲೇಬಾರದು.

ಬಾಕಿ ಉಳಿದಿರುವುದು: ಉತ್ತರದ ತುದಿಗೋಡೆಯಲ್ಲೂ ಸಿಮೆಂಟಿದೆ, ಅದನ್ನು ವಸಂತಕ್ಕೆ ಹಿಡಿಯಬೇಕು. ಪೂರ್ವ ಗೋಡೆಯ ತೇವವನ್ನು ತಿಂಗಳಿಗೊಮ್ಮೆ ಒಂದೇ ಆರು ಬಿಂದುಗಳಲ್ಲಿ ಅಳೆದು ಬರೆಯುತ್ತಿದ್ದೇವೆ; ಉಪ್ಪಿನ ಗೆರೆ ಸದ್ಯ 4 ಅಡಿಯಿಂದ ಎರಡೂವರೆ ಅಡಿಗೆ ಇಳಿದಿದೆ. ಬುಡದ ಎರಡು ವರಸೆಗಳಲ್ಲಿ ಗಾರೆ ಇನ್ನೂ ಪೂರ್ತಿ ಬಲಿತಿಲ್ಲ. ಮುಂದಿನ ಚಂಡಮಾರುತದ ಕಾಲಕ್ಕೆ ಮೊದಲು ಅದು ಬಲಿಯದಿದ್ದರೆ ಆ ಎರಡು ವರಸೆಗಳನ್ನು ತೆಗೆದು ಮತ್ತೆ ಹಾಕುತ್ತೇವೆ. ಮುಂಭಾಗದ ಕಂಬಗಳ ಕೆಲಸ ಅದರ ನಂತರ.